ಏಳನೇ ಕಲಮಿಗೆ ಒಂದು ಸಹಿ

ಜನವರಿ 9

ಮಗಳೇ,

ನಾಲ್ಕು ವರ್ಷದ ಮೇಲೆ ಅಪ್ಪನ ಕಾಗದ ಬಂತಲ್ಲ, ಯಾರಾದರೂ ಹೋಗಿಬಿಟ್ಟರಾ ಅಂತ ಗಾಬರಿ ಬೀಳಬೇಡ. ಎಲ್ಲರೂ ಗಟ್ಟಿಯಾಗಿದ್ದಾರೆ. ನಾನಂತೂ ಅರವತ್ತಾರಕ್ಕೆ ಇರಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಗಟ್ಟಿ ಇದ್ದೀನಿ ಅಂತ ಇಲ್ಲಿ ಕೆಲವರಿಗೆ ಬೇಜಾರು. ಅಕ್ಷರ ಸೊಟ್ಟಗಿದ್ದರೆ ಬೈಬೇಡ. ಕಾಗದ ಅದುಮಿ ಹಿಡಿಯೋಕೆ ಎಡಗೈ ಇಲ್ಲ, ದಪ್ಪನೆಯ ಕಾನೂನು ಪುಸ್ತಕ ಹೇರಿ ಬರೀತಾ ಇದ್ದೀನಿ. ಕಾನೂನಿಂದ ಅಷ್ಟಾದರೂ ಉಪಯೋಗ ಆಗಲಿ.

ವಿಷಯಕ್ಕೆ ಬರ್ತೀನಿ. ನಮ್ಮ ಸೈನಿಕರ ಮನೆಗೆ ಕಂಟಕ ಬಂದಿದೆ. ಮಾಜಿ ಸೈನಿಕರ ಮಂಡಳಿಗೆ ಹೊಸ ಅಧಿಕಾರಿ ಬಂದಿದ್ದಾನೆ. ಅಂಗಿ, ಪ್ಯಾಂಟು, ಕರವಸ್ತ್ರ, ಕೊನೆಗೆ ಮುಖ ಕೂಡ ಇಸ್ತ್ರಿ ಮಾಡಿಸಿಕೊಂಡೇ ಬರೋ ಆಸಾಮಿ. ಅದಕ್ಕೇ ನಮ್ಮವರು ಅವನಿಗೆ ಇಸ್ತ್ರಿ ಅಂತಲೇ ಹೆಸರಿಟ್ಟಿದ್ದಾರೆ. ಅವನು ನಮ್ಮಲ್ಲಿರೋ ಮೂವತ್ತೊಂದು ಜನರ ಹೆಸರು ತಗೊಂಡು ಹೋಗಿ ಸೇನೆಯ ದಾಖಲೆ ಜೊತೆ ತಾಳೆ ನೋಡಿದ. ಅದರಲ್ಲಿ ಒಂಬತ್ತು ಜನ ಕಳಂಕ ಹೊತ್ತು ಹೊರಬಿದ್ದವರು. ಓಡಿಹೋದವರು, ಮೇಲಿನವನ ಮೇಲೆ ಕೈ ಮಾಡಿದವರು, ಕಾವಲಿನಲ್ಲಿ ನಿದ್ದೆ ಹೋದವನು ಒಬ್ಬ. ನಮ್ಮ ಟ್ರಸ್ಟ್ ಡೀಡಿನ ಏಳನೇ ಕಲಮು ಹೇಳೋದು, ಕಳಂಕವಿಲ್ಲದೆ ಬಿಡುಗಡೆಯಾದ ಸೈನಿಕರಿಗೆ ಮಾತ್ರ ಇಲ್ಲಿ ಜಾಗ ಅಂತ. ಕಟ್ಟಡ ಮಂಡಳಿಯದು. ಡೀಡು ಮೀರಿದರೆ ಅವರು ವಾಪಸು ತಗೋಬಹುದು. ಒಂಬತ್ತು ಜನ ಹೊರಗೆ, ಇಲ್ಲವಾದರೆ ಮೂವತ್ತೊಂದು ಜನವೂ ಹೊರಗೆ, ಅಂತ ನೋಟಿಸು ಅಂಟಿಸಿ ಹೋಗಿದ್ದಾನೆ.

ಆ ಡೀಡು ಬರೆದ ಪುಣ್ಯಾತ್ಮ ನಾನೇ. ಇಪ್ಪತ್ತೇಳು ವರ್ಷದ ಕೆಳಗೆ ಅಚ್ಚಾದ ನಮೂನೆ ನೋಡಿ ನಕಲು ಹೊಡೆದೆ, ಆಮೇಲೆ ಆ ಕಡೆ ತಿರುಗಿ ನೋಡಲಿಲ್ಲ. ನಮ್ಮ ಬಾಗಿಲಲ್ಲಿ ಯಾರ ಬಿಡುಗಡೆ ಕಾಗದವನ್ನೂ ಓದೋದಿಲ್ಲ, ನಿನಗೇ ಗೊತ್ತು. ಸೈನಿಕನಾ ಅಂತ ಒಂದೇ ಪ್ರಶ್ನೆ. ಹೌದು ಅಂದವನಿಗೆ ತಟ್ಟೆ ಕೊಟ್ಟು ಊಟಕ್ಕೆ ಕೂರಿಸೋದು.

ಈಗ ಆ ಕಲಮು ಕಿತ್ತು ಹಾಕಬೇಕು. ಅದಕ್ಕೆ ಬದುಕಿರೋ ಎಲ್ಲಾ ಟ್ರಸ್ಟಿಗಳ ಸಹಿ ಬೇಕು. ಡಾಕ್ಟರು ಹೋದರು, ನಿನ್ನ ಅಮ್ಮ ಹೋದಳು. ಉಳಿದವರು ನಾನು ಮತ್ತು ನೀನು. ಮಗಳಿಗೆ ಹದಿನೆಂಟು ತುಂಬಿದರೆ ಬೇರೆ ಅಪ್ಪಂದಿರು ವಾಚು ಕೊಡಿಸ್ತಾರೆ, ನಾನು ನಿನ್ನನ್ನ ಟ್ರಸ್ಟಿ ಮಾಡಿದೆ. ಆವತ್ತು ನೀನು ಅತ್ತಿದ್ದು ಸಂತೋಷಕ್ಕೆ ಅಂದುಕೊಂಡಿದ್ದೆ.

ತಿದ್ದುಪಡಿ ಪತ್ರ ಜೊತೆಗಿದೆ. ಪೆನ್ಸಿಲ್ ಗುರುತು ಹಾಕಿರೋ ಕಡೆ ಸಹಿ ಮಾಡಿ ಕಳಿಸು. ನೋಟಿಸಿನ ಮೇಲೆ ಕೋರ್ಟಿಗೆ ಹೋಗಿದ್ದೀನಿ, ವಿಚಾರಣೆ ಏಪ್ರಿಲ್ ನಾಲ್ಕಕ್ಕೆ.

ನಿನ್ನ ಅಪ್ಪ

*

ಜನವರಿ 21

ಅಪ್ಪ,

ಕಾಗದ ಸಿಕ್ಕಿತು. ನಾಲ್ಕು ವರ್ಷದಲ್ಲಿ ಮೊದಲನೇದು, ಅದರಲ್ಲಿ ನಾನು ಹೇಗಿದ್ದೀನಿ ಅನ್ನೋ ಮಾತು ಒಂದೂ ಇಲ್ಲ. ಹಿಂದೆ ಮುಂದೆ ತಿರುಗಿಸಿ ಎರಡು ಸಲ ಹುಡುಕಿದೆ. ಪರವಾಗಿಲ್ಲ, ಪೆನ್ಸಿಲ್ ಗುರುತಾದರೂ ಹಾಕಿದ್ದೀರಿ.

ನಾನೂ ವಕೀಲಿ ಮಾಡಿಯೇ ಹೊಟ್ಟೆ ಹೊರೆಯೋಳು. ಓದದೆ ಸಹಿ ಹಾಕಬಾರದು ಅಂತ ಕಲಿಸಿದ್ದು ನೀವೇ. ಅದಕ್ಕೆ ಡೀಡಿನ ನನ್ನ ಪ್ರತಿ ಹೊರಗೆ ತೆಗೆದು ಓದಿದೆ. ನೀವು ಹೇಳಿದ ಅಚ್ಚಿನ ನಮೂನೆ ನಮ್ಮ ವಕೀಲರ ಸಂಘದ ಲೈಬ್ರರಿಯಲ್ಲಿ ಇನ್ನೂ ಇದೆ, ಧೂಳು ಕೊಡವಿ ಅದನ್ನೂ ಓದಿದೆ. ಮೊದಲ ಆರು ಕಲಮು ಅದರಲ್ಲಿರೋ ಹಾಗೇ ಇವೆ. ಏಳನೇದು ಆ ನಮೂನೆಯಲ್ಲಿ ಇಲ್ಲವೇ ಇಲ್ಲ. ಅದು ನಿಮ್ಮ ಸ್ವಂತ ಬರವಣಿಗೆ.

ಸಹಿ ಹಾಕ್ತೀನಿ. ಆದರೆ ಒಂದು ಪ್ರಶ್ನೆಗೆ ಉತ್ತರ ಕೊಡಿ, ಬರವಣಿಗೆಯಲ್ಲಿ ಕೊಡಿ. ಆ ಮನೆ ಶುರುವಾದ ಮೊದಲ ಚಳಿಗಾಲ, ಒಂದು ಸಂಜೆ, ಒಬ್ಬರು ಗೇಟಿನ ಹತ್ತಿರ ಬಂದು ನಿಂತರು. ನೀವು ಅವರ ಕಾಗದ ಓದಿದಿರಿ, ಮಡಚಿ ವಾಪಸು ಕೊಟ್ಟಿರಿ, ಗೇಟು ಹಾಕಿಕೊಂಡಿರಿ. ಯಾರಪ್ಪ ಅದು ಅಂತ ಕೇಳಿದ್ದಕ್ಕೆ ಯಾರೋ ಕಕ್ಷಿದಾರ ಅಂದಿರಿ. ನನಗೆ ಆಗ ಹನ್ನೊಂದು ವರ್ಷ.

ಯಾರದು?

ಟ್ರಸ್ಟಿ ನಂಬರ್ ನಾಲ್ಕು

*

ಫೆಬ್ರವರಿ 2

ಮಗಳೇ,

ಹೇಗಿದ್ದೀಯಾ? ಇಗೋ, ಕೇಳಿದೆ. ಈಗ ಸಮಾಧಾನ ತಾನೆ.

ಸಾವಿರ ಜನ ಕಕ್ಷಿದಾರರು ಬಂದ ಗೇಟು ಅದು, ಯಾವ ಸಂಜೆ ಯಾರು ಬಂದರು ಅಂತ ನೆನಪಿಡೋಕೆ ನಾನೇನು ಗೇಟಿನ ಕಾವಲುಗಾರನಾ? ಆ ಮಾತು ಬಿಡು. ಇಲ್ಲಿನ ಕಥೆ ಕೇಳು.

ಮೊನ್ನೆ ಇಸ್ತ್ರಿ ಸರಿಯಾಗಿ ಊಟದ ಹೊತ್ತಿಗೆ ಬಂದ. ಉದ್ದ ಮೇಜಿನ ತುದಿಯಲ್ಲಿ ನಿಂತು ಪಟ್ಟಿ ತೆಗೆದು ಒಂಬತ್ತು ಹೆಸರು ಓದಿದ. ಕರೆದವರು ಎದ್ದು ಪಕ್ಕದ ಗೋಡೆಗೆ ಹೋಗಿ ನಿಲ್ಲಬೇಕಂತೆ, ಗುರುತಿಟ್ಟುಕೊಳ್ಳೋಕೆ. ಒಬ್ಬರೂ ಏಳಲಿಲ್ಲ. ಅವನು ಇನ್ನೊಂದು ಸಲ ಓದಿದ. ಆಗ ಕಹಳೆ ಎದ್ದ. ಕಹಳೆ ನಿನಗೆ ಗೊತ್ತಿಲ್ಲ, ನೀನು ಹೋದ ಮೇಲೆ ಬಂದವನು. ಸೇನೆಯಲ್ಲಿ ಕಹಳೆ ಊದ್ತಾ ಇದ್ದ, ಈಗ ಮುಂದಿನ ಹಲ್ಲು ಒಂದೂ ಇಲ್ಲ. ಎರಡು ದಿನ ಓಡಿಹೋಗಿ ಮೂರನೇ ದಿನ ತಾನಾಗೇ ವಾಪಸು ಬಂದವನು. ಸೇನೆಗೆ ಲೆಕ್ಕಕ್ಕೆ ಸಿಕ್ಕಿದ್ದು ಆ ಎರಡು ದಿನ ಮಾತ್ರ, ಅವನು ದುಡಿದ ಹನ್ನೆರಡು ವರ್ಷ ಅಲ್ಲ. ಎದ್ದವನು ಇಸ್ತ್ರಿಗೆ ಹೇಳಿದ್ದು, ಸಾಹೇಬರೇ, ಸಾರು ಆರಿಹೋಗುತ್ತೆ, ನೀವೂ ಕೂತ್ಕೊಳ್ಳಿ ಅಂತ. ಇಸ್ತ್ರಿಯ ಮುಖದ ಮಡಿಕೆ ಕೆಟ್ಟಿದ್ದನ್ನ ನಾನು ಮೊದಲ ಸಲ ನೋಡಿದೆ.

ಅವನು ಹೋಗೋವಾಗ ನನ್ನನ್ನ ಪಕ್ಕಕ್ಕೆ ಕರೆದು, ವಕೀಲರೇ, ನಿಮ್ಮ ಕಾನೂನೇ ತಾನೆ ಅಂದ. ನಾನು ತೋಡಿದ ಹಳ್ಳಕ್ಕೆ ನಾನೇ ಬಿದ್ದರೂ ನನ್ನ ಮೀಸೆ ಇನ್ನೂ ಮಣ್ಣಾಗಿಲ್ಲ. ಒಬ್ಬನನ್ನೂ ಹೊರಗೆ ಹಾಕೋದಿಲ್ಲ, ಬರೆದುಕೋ ಅಂದೆ. ಸಹಿ ಬೇಗ ಕಳಿಸು.

ಅಪ್ಪ

*

ಫೆಬ್ರವರಿ 11

ಅಪ್ಪ,

ಅಡ್ಡಗೋಡೆ ಮೇಲೆ ದೀಪ ಇಡೋದು ಕೋರ್ಟಿನಲ್ಲಿ ಸರಿ, ನನ್ನ ಹತ್ತಿರ ಬೇಡ. ನಾನು ಗೋಡೆಯ ಎರಡೂ ಕಡೆ ನಿಂತು ನೋಡಿದೋಳು.

ನಿಮಗೆ ನೆನಪಿಲ್ಲ ಅಂದರೆ ನಾನು ನೆನಪು ಮಾಡ್ತೀನಿ. ಆಗ ನಾವಿದ್ದ ಮಹಡಿಯ ಕಿಟಕಿಯಿಂದ ನೋಡ್ತಾ ಇದ್ದೆ. ಮುಖ ಕಾಣಲಿಲ್ಲ, ಕೂದಲು ಪೂರ್ತಿ ತೆಗೆಸಿದ್ದರು. ಆದರೆ ಒಂದು ಕೈಯಿಂದ ಇನ್ನೊಂದು ಮೊಣಕೈ ಹಿಡಿದುಕೊಂಡು ನಿಂತಿದ್ದರು. ಹಾಗೆ ನಿಲ್ಲೋರು ಒಬ್ಬರೇ. ನನಗೆ ಸೈಕಲ್ ಕಲಿಸುವಾಗ, ಹಿಂದಿನಿಂದ ಕೈ ಬಿಟ್ಟ ಮೇಲೆ, ನಾನು ಬೀಳ್ತೀನಾ ಅಂತ ನೋಡ್ತಾ ಹಾಗೇ ನಿಲ್ಲೋರು. ಚಿಕ್ಕಪ್ಪ ಯುದ್ಧದಿಂದ ವಾಪಸು ಬರಲಿಲ್ಲ ಅಂತ ನೀವು ನಮಗೆ ಹೇಳಿ ಎರಡು ವರ್ಷ ಆಗಿತ್ತು. ಆ ರಾತ್ರಿ ಊಟಕ್ಕೆ ಕೂತಾಗ ಅಮ್ಮ ನಿಮಗೆ ಬಡಿಸಲಿಲ್ಲ. ಅದೂ ನೆನಪಿದೆ.

ಇಷ್ಟು ವರ್ಷ ಕೇಳಲಿಲ್ಲ ಯಾಕೆ ಅಂದರೆ, ನೀವಾಗೇ ಹೇಳ್ತೀರಿ ಅಂತ ಕಾದೆ. ಅಮ್ಮ ಹೋದ ದಿನವಾದರೂ ಹೇಳ್ತೀರಿ ಅಂದುಕೊಂಡೆ. ನೀವು ಆವತ್ತು ಬಂದವರಿಗೆಲ್ಲ ನಮ್ಮ ಮನೆಯ ಬಾಗಿಲು ಯಾರಿಗೂ ಹಾಕಿದ್ದಿಲ್ಲ ಅಂತ ಭಾಷಣ ಮಾಡಿದಿರಿ. ಅದಕ್ಕೇ ಹೊರಟುಬಂದೆ.

ಅದೆಲ್ಲ ಹೇಳೋಕೆ ಇಷ್ಟವಿಲ್ಲದಿದ್ದರೆ ಸಹಿ ಇಲ್ಲದೆಯೂ ಒಂದು ದಾರಿ ಇದೆ, ಪುಕ್ಕಟೆ ಕೊಡ್ತೀನಿ. ಕಲಮು ಇರೋದು ಅಲ್ಲಿ ವಾಸ ಮಾಡೋ ಸೈನಿಕರ ಬಗ್ಗೆ. ನೌಕರರ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇಲ್ಲ. ಒಂಬತ್ತು ಜನರನ್ನೂ ಆಳುಗಳು ಅಂತ ನೇಮಿಸಿಬಿಡಿ. ಹಾವೂ ಸಾಯೋದಿಲ್ಲ, ಕೋಲೂ ಮುರಿಯೋದಿಲ್ಲ. ನಿಮ್ಮ ಬಾಯಿಯೂ ಮುಚ್ಚಿಯೇ ಇರುತ್ತೆ.

ಟ್ರಸ್ಟಿ ನಂಬರ್ ನಾಲ್ಕು

*

ಫೆಬ್ರವರಿ 24

ಮಗಳೇ,

ನಿನ್ನ ಉಪಾಯಕ್ಕೆ ನೂರಕ್ಕೆ ನೂರು ಅಂಕ. ಎದುರಾಳಿಯ ವಕೀಲೆ ನೀನಾಗಿದ್ದರೆ ಹೆದರ್ತಿದ್ದೆ. ಆದರೆ ಆ ಉಪಾಯ ಬೇಡ. ಯಾಕೆ ಅಂತ ಹೇಳ್ತೀನಿ.

ಒಂಬತ್ತು ಜನರನ್ನ ಊಟದ ಮನೆಗೆ ಕರೆದು ನಿನ್ನ ಉಪಾಯ ವಿವರಿಸಿದೆ. ತಲೆ ಅಲ್ಲಾಡಿಸಿದರು, ಯಾರೂ ಬೇಡ ಅನ್ನಲಿಲ್ಲ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಕಹಳೆಯ ಮಂಚ ಖಾಲಿ. ಹಾಸಿಗೆ ಸೇನೆಯಲ್ಲಿ ಮಡಚೋ ಹಾಗೆ ಚೌಕಾಕಾರ ಮಡಚಿಟ್ಟಿದ್ದಾನೆ. ಬಸ್ ನಿಲ್ದಾಣಕ್ಕೆ ಓಡಿದೆ. ಕಂಬಕ್ಕೆ ಒರಗಿ ಕೂತಿದ್ದ. ಎಲ್ಲಿಗೆ ಹೊರಟೆ ಅಂದರೆ ಯಾವ ಬಸ್ ಮೊದಲು ಬರುತ್ತೋ ಅಲ್ಲಿಗೆ ಅಂದ. ಒಬ್ಬ ಕಡಿಮೆಯಾದರೆ ನಿಮಗೆ ಅಷ್ಟು ಹಗುರ ಅಂದ. ಬೈದೆ, ಬಸ್ಸಿನವರೆಲ್ಲ ಇಳಿದು ನೋಡೋ ಹಾಗೆ ಬೈದೆ. ಆಮೇಲೆ ಅವನು ಒಂದು ಮಾತು ಹೇಳಿದ, ಅದನ್ನ ಇದ್ದ ಹಾಗೇ ಬರೀತೀನಿ.

"ಆಳಾಗಿ ಇರೋಕೆ ನನಗೆ ಜಗತ್ತಿನಲ್ಲಿ ಎಲ್ಲಿ ಬೇಕಾದರೂ ಜಾಗ ಇದೆ, ವಕೀಲರೇ. ನಿಮ್ಮ ಮೇಜಿಗೆ ಬಂದಿದ್ದು ಸೈನಿಕನಾ ಅಂತ ಕೇಳಿದಿರಿ ಅಂತ."

ಕೈ ಹಿಡಿದು ಎಳ್ಕೊಂಡು ಬಂದೆ. ನನ್ನದು ಒಂದೇ ಕೈ, ಆದರೆ ಹಿಡಿದರೆ ಉಡದ ಪಟ್ಟು. ಅಡ್ಡದಾರಿ ಬೇಡ, ಅವರು ಸೈನಿಕರಾಗೇ ಇರಬೇಕು, ಕಲಮು ಹೋಗಲೇಬೇಕು. ನೀನು ಸಹಿ ಹಾಕಲೇಬೇಕು.

ಚಿಕ್ಕಪ್ಪನ ವಿಷಯ ಬೇಡ. ಅದು ಸತ್ತುಹೋದ ವಿಷಯ. ಇಲ್ಲಿರೋದು ಬದುಕಿರೋ ಒಂಬತ್ತು ಜನ.

ಅಪ್ಪ

*

ಮಾರ್ಚ್ 3

ಅಪ್ಪ,

ತಿದ್ದುಪಡಿ ಪತ್ರವನ್ನ ಸಹಿ ಇಲ್ಲದೆ ವಾಪಸು ಕಳಿಸಿದ್ದೀನಿ. ಪೆನ್ಸಿಲ್ ಗುರುತು ಹಾಗೇ ಇದೆ, ಪ್ರಶ್ನೆಯೂ ಹಾಗೇ ಇದೆ.

ಕಹಳೆಯವರನ್ನ ನಾನು ನೋಡಿಲ್ಲ. ಆದರೆ ಅವರನ್ನ ಬಸ್ ನಿಲ್ದಾಣದವರೆಗೂ ಓಡಿ ಕರೆತಂದ ಮನುಷ್ಯ, ಗೇಟಿನವರೆಗೆ ಬಂದ ತಮ್ಮನಿಗೆ ಏನು ಮಾಡಿದ ಅಂತ ಕೇಳೋ ಹಕ್ಕು ನನಗಿದೆ.

ಟ್ರಸ್ಟಿ ನಂಬರ್ ನಾಲ್ಕು

*

ಮಾರ್ಚ್ 19

ಮಗಳೇ,

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಹದಿನೈದು ದಿನ ತಡೆದು ನೋಡಿದೆ. ಈಗ ಕುಡೀತೀನಿ.

ಗೇಟಿನಲ್ಲಿ ನಿಂತಿದ್ದು ನಿನ್ನ ಚಿಕ್ಕಪ್ಪ.

ಮೊದಲಿಂದ ಹೇಳ್ತೀನಿ, ಅರ್ಧ ಹೇಳಿದರೆ ನೀನು ಬಿಡೋಳಲ್ಲ. ಅವನಿಗೆ ಸೇನೆ ಬೇಡವಾಗಿತ್ತು. ಸೈಕಲ್ ರಿಪೇರಿ ಅಂಗಡಿ ಇಡ್ತೀನಿ, ಬೀದಿ ಮೂಲೆಯಲ್ಲಿ ಜಾಗ ನೋಡಿದ್ದೀನಿ ಅಂತಿದ್ದ. ಯುದ್ಧ ಬಂತು. ನಾನು ಕರಿ ಕೋಟು ಕಳಚಿ ಹೊರಟೆ. ನಮ್ಮ ಮನೆಯಲ್ಲಿ ಗಂಡಸು ಅಂತ ನಾನೊಬ್ಬನೇನಾ ಅಂತ ಹತ್ತು ಜನರ ಎದುರಿಗೆ ಅವನನ್ನ ಹಂಗಿಸಿದೆ. ಅವನು ತಲೆ ತಗ್ಗಿಸಿಕೊಂಡು ಬಂದು ಭರ್ತಿಯ ಸಾಲಿನಲ್ಲಿ ನನ್ನ ಹಿಂದೆ ನಿಂತ.

ಇಬ್ಬರೂ ಒಂದೇ ತುಕಡಿ. ಒಂದು ಬೆಳಿಗ್ಗೆ ನಮ್ಮ ಕಂದಕದ ಮೇಲೆ ಗುಂಡಿನ ಮಳೆ ಶುರುವಾಯಿತು. ಅವನು ಎದ್ದು ಓಡಿದ. ನಾನು ಓಡಲಿಲ್ಲ. ಇಷ್ಟು ವರ್ಷ ಇಷ್ಟೇ ಹೇಳಿಕೊಂಡು ಬಂದೆ, ಇದಕ್ಕೇ ನನಗೆ ಪದಕ. ನಿಜ ಏನು ಅಂದರೆ ನಾನೂ ಓಡೋಕೆ ನೋಡಿದೆ. ಕಾಲು ಬರಲಿಲ್ಲ. ನೆಲಕ್ಕೆ ಅಂಟಿಕೊಂಡ ಹಾಗೆ ಆಗಿತ್ತು. ಅಲ್ಲೇ ಕೂತಿದ್ದೆ, ಕೈ ಹೋಯಿತು. ನನ್ನ ಕಾಲು ಬರದೇ ಇದ್ದದ್ದಕ್ಕೆ ಶೂರ ಅಂದರು. ಅವನ ಕಾಲು ಬಂದಿದ್ದಕ್ಕೆ ಎರಡು ವರ್ಷ ಜೈಲಿಗೆ ಹಾಕಿದರು.

ಆಸ್ಪತ್ರೆಯಲ್ಲಿ ಮಲಗಿ, ಕೈ ಇಲ್ಲದ ತೋಳು ನೋಡಿಕೊಂಡು, ದಿನಾ ಅವನನ್ನೇ ಬೈದೆ. ಸೈನಿಕರ ಮನೆ ಕಟ್ಟೋ ಯೋಚನೆ ಆಗಲೇ ಬಂದಿದ್ದು. ಎಲ್ಲರೂ ಹೊಗಳಿದರು. ಡೀಡು ಬರೆಯೋಕೆ ಕೂತಾಗ ಅವನು ಜೈಲಿಂದ ಬಿಡುಗಡೆ ಆಗೋ ತಿಂಗಳು ನನಗೆ ಗೊತ್ತಿತ್ತು. ನೇರ ನನ್ನ ಹತ್ತಿರವೇ ಬರ್ತಾನೆ ಅಂತಲೂ ಗೊತ್ತಿತ್ತು. ಏಳನೇ ಕಲಮು ಅಚ್ಚಿನ ನಮೂನೆಯದಲ್ಲ, ನೀನು ಸರಿಯಾಗೇ ಹಿಡಿದೆ. ಅದು ಅವನೊಬ್ಬನಿಗಾಗಿ ಬರೆದದ್ದು. ನನ್ನ ವಕೀಲಿಕೆಯಲ್ಲಿ ಅಷ್ಟು ಚೊಕ್ಕವಾಗಿ ಇನ್ನೊಂದು ವಾಕ್ಯ ಬರೆದಿಲ್ಲ.

ಬಂದ. ಅವನ ಕಾಗದ ಓದಿದೆ. ಡೀಡು ತೋರಿಸಿದೆ. ಹೌದು, ಗೇಟಿನಲ್ಲಿ ನಿಂತು ಸ್ವಂತ ತಮ್ಮನಿಗೆ ಕಲಮು ತೋರಿಸಿದೆ. ಅವನು ಹೋದ. ನಿನ್ನ ಅಮ್ಮ ಚಪ್ಪಲಿ ಕೂಡ ಹಾಕಿಕೊಳ್ಳದೆ ರಸ್ತೆಯ ತುದಿವರೆಗೂ ಓಡಿದಳು, ಅಷ್ಟರಲ್ಲಿ ಅವನು ತಿರುವು ದಾಟಿದ್ದ.

ಎರಡು ತಿಂಗಳಾದ ಮೇಲೆ ಹುಡುಕಿಕೊಂಡು ಹೋದೆ. ಇನ್ನೊಂದು ಊರಿನ ಧರ್ಮಾಸ್ಪತ್ರೆಯಲ್ಲಿ ಸಿಕ್ಕಿದ್ದು ಬರೀ ಅವನ ಹೆಸರು, ದಾಖಲೆ ಪುಸ್ತಕದಲ್ಲಿ. ನ್ಯುಮೋನಿಯಾಕ್ಕೆ ಹೋಗಿಬಿಟ್ಟಿದ್ದ. ಹೆಸರಿನ ಪಕ್ಕದಲ್ಲಿ ಕಸುಬು ಅನ್ನೋ ಕಡೆ ಸೈನಿಕ ಅಂತ ಬರೆದಿತ್ತು. ಅಲ್ಲಿನ ಗುಮಾಸ್ತ, ಬಡಪಾಯಿ, ನಾನು ಕೇಳಿದ್ದಕ್ಕೆ ಹೇಳಿದ, ಅವರು ಹೇಳಿದರು, ನಾನು ಬರಕೊಂಡೆ, ಅಂತ. ಕಾಗದ ತೋರಿಸು ಅನ್ನೋದು ಅವನಿಗೆ ಹೊಳೆದಿರಲಿಲ್ಲ.

ವಾಪಸು ಬಂದವನು ಬಾಗಿಲಲ್ಲಿ ಕಾಗದ ಓದೋದು ನಿಲ್ಲಿಸಿದೆ. ಕಲಮು ಮಾತ್ರ ತೆಗೆಯಲಿಲ್ಲ. ತೆಗೆಯಬೇಕಾದರೆ ಉಳಿದ ಟ್ರಸ್ಟಿಗಳಿಗೆ ಯಾಕೆ ಬರೆದೆ ಅಂತ ಹೇಳಬೇಕಿತ್ತು. ಗುಂಡಿಗೆ ಎದೆ ಕೊಟ್ಟವನು ಅಂತ ಹೆಸರಾದವನಿಗೆ ಹೆಂಡತಿ ಮತ್ತು ಒಬ್ಬ ಡಾಕ್ಟರಿಗೆ ನಿಜ ಹೇಳೋ ಧೈರ್ಯ ಇರಲಿಲ್ಲ. ಈಗ ಅದರ ಫಲ ಒಂಬತ್ತು ಜನ ಉಣ್ಣಬೇಕಾಗಿದೆ.

ಇಷ್ಟೇ. ಇದಕ್ಕಿಂತ ಹೆಚ್ಚು ಬರೆಯೋಕೆ ಬರೋದಿಲ್ಲ. ಪತ್ರ ಮತ್ತೆ ಜೊತೆಗಿಟ್ಟಿದ್ದೀನಿ. ಹಾಕೋದು ಬಿಡೋದು ನಿನಗೆ ಸೇರಿದ್ದು.

ಅವನ ಅಣ್ಣ, ನಿನ್ನ ಅಪ್ಪ

*

ಮಾರ್ಚ್ 26

ಅಪ್ಪ,

ಸಹಿ ಹಾಕಿದ್ದೀನಿ. ಕ್ಷಮಿಸಿದ್ದೀನಿ ಅಂತ ತಿಳೀಬೇಡಿ. ಎರಡೂ ಬೇರೆ ಬೇರೆ ಕೆಲಸ, ಒಂದು ಮಾಡಿದ್ದೀನಿ.

ನಿಮ್ಮ ಕಾಗದ ಓದಿ ಆಫೀಸಿನ ಬಾಗಿಲು ಹಾಕಿಕೊಂಡು ಅತ್ತೆ. ಹೊರಗೆ ಕಕ್ಷಿದಾರರು ಕಾಯ್ತಾ ಇದ್ದರು, ಕಾಯಲಿ ಅಂತ ಬಿಟ್ಟೆ.

ಈಗ ಕೇಸಿನ ಮಾತು. ಸಹಿ ಒಂದರಿಂದಲೇ ಕೆಲಸ ಆಗೋದಿಲ್ಲ. ನೋಟಿಸು ಬಂದ ಮೇಲೆ ತಿದ್ದಿದ್ದೀರಿ, ಇದು ಕಣ್ಣಿಗೆ ಮಣ್ಣೆರಚೋ ಕೆಲಸ, ಅಂತ ಮಂಡಳಿಯ ವಕೀಲ ಮೊದಲ ಐದು ನಿಮಿಷದಲ್ಲೇ ಹೇಳ್ತಾನೆ. ಅದಕ್ಕೆ ಉತ್ತರ ಒಂದೇ. ಆ ಕಲಮು ಟ್ರಸ್ಟಿನ ಉದ್ದೇಶಕ್ಕೆ ಸೇರಿದ್ದೇ ಅಲ್ಲ, ಬರೆದವನ ಸ್ವಂತ ದ್ವೇಷಕ್ಕೆ ಹುಟ್ಟಿದ್ದು, ಅಂತ ಬರೆದವನೇ ಪ್ರಮಾಣ ಮಾಡಿ ಹೇಳಬೇಕು. ಅಂದರೆ ನೀವು ಸಾಕ್ಷಿ. ಸಾಕ್ಷಿಯಾದವರು ವಕೀಲರಾಗಿ ನಿಲ್ಲೋ ಹಾಗಿಲ್ಲ. ನಾನು ನಿಲ್ತೀನಿ.

ನಾಲ್ಕನೇ ತಾರೀಖು ಬೆಳಗಿನ ರೈಲಿಗೆ ಬರ್ತೀನಿ, ನೇರ ಕೋರ್ಟಿಗೆ. ಕಟಕಟೆಯಲ್ಲಿ ನಾನು ಒಂದೊಂದೇ ಕೇಳ್ತೀನಿ. ನಿಮ್ಮ ಪದಕದ ವಿಷಯವೂ ಕೇಳ್ತೀನಿ. ಮೂವತ್ತೊಂದು ಜನ ಕೂತಿರ್ತಾರೆ, ಪೇಪರಿನವರೂ ಬರಬಹುದು. ಜೋಕು ಮಾಡಿ ತಪ್ಪಿಸಿಕೊಂಡರೆ ಒಂಬತ್ತು ಜನ ಬೀದಿಗೆ. ಕಾಗದದಲ್ಲಿ ಬರೆದ ಹಾಗೇ ಹೇಳಿ.

ನಿಮ್ಮ ಮಗಳು

*

ಏಪ್ರಿಲ್ 6

ಮಗಳೇ,

ನೀನು ಕೋರ್ಟಿನಿಂದ ನೇರ ರೈಲು ಹತ್ತಿದೆ, ನನ್ನ ಮುಖ ಕೂಡ ನೋಡಲಿಲ್ಲ. ಇರಲಿ. ಎದುರಾಳಿಯನ್ನ ಸೀಳಿ ಹಾಕಿದ ಮೇಲೆ ವಕೀಲರಿಗೆ ಮಾತು ಬೇಡ ಅನ್ನಿಸುತ್ತೆ, ನನಗೂ ಗೊತ್ತು. ನೀನು ಸೀಳಿದ್ದು ಎದುರಾಳಿಯನ್ನಲ್ಲ, ನಿನ್ನ ಸಾಕ್ಷಿಯನ್ನೇ. ಅಂಥದ್ದನ್ನ ನಾನು ಮೂವತ್ತು ವರ್ಷದಲ್ಲಿ ನೋಡಿರಲಿಲ್ಲ.

ನೀನು ಹೋದ ಮೇಲಿನ ಸುದ್ದಿ ಹೇಳ್ತೀನಿ. ನ್ಯಾಯಾಧೀಶರು ನಿನ್ನೆ ಆದೇಶ ಓದಿದರು. ತಿದ್ದುಪಡಿ ಸರಿಯಾಗಿದೆ, ಒಂಬತ್ತು ಜನ ಅಲ್ಲೇ ಇರಬೇಕು. ಇಸ್ತ್ರಿ ಎದ್ದು ಅಪೀಲು ಹಾಕ್ತೀವಿ ಅಂದ. ಹಾಕಲಿ. ಕೆಳಗಿನ ಕೋರ್ಟಿನಲ್ಲಿ ಹೇಳಿದ್ದನ್ನ ಮೇಲಿನ ಕೋರ್ಟಿನಲ್ಲಿ ಇನ್ನೂ ಗಟ್ಟಿಯಾಗಿ ಹೇಳ್ತೀನಿ, ಅಲ್ಲಿ ಕೋಣೆ ದೊಡ್ಡದು.

ಮನೆಗೆ ಬರೋವಾಗ ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಗುಂಡಿಗೆ ಹೆದರಿ ಕಾಲು ಅಂಟಿಕೊಂಡವನು ಅಂತ ಎಲ್ಲರಿಗೂ ಗೊತ್ತಾಗಿದೆ, ಇನ್ನು ಮೇಜಿನ ತಲೆಯಲ್ಲಿ ಹೇಗೆ ಕೂರಲಿ ಅಂತ. ನನ್ನ ತಟ್ಟೆ ಎಂದಿನ ಹಾಗೆ ಅಲ್ಲೇ ಇಟ್ಟಿದ್ದರು. ಕಹಳೆ ನನ್ನ ಪಕ್ಕದಲ್ಲಿ ಕೂತು, ನನ್ನ ಕಾಲು ಎರಡು ದಿನ ಬಂತು, ಮೂರನೇ ದಿನ ಬರಲಿಲ್ಲ, ಅಷ್ಟೇ ವ್ಯತ್ಯಾಸ ಅಂದ. ಇಡೀ ಮೇಜು ನಕ್ಕಿತು. ನಾನೂ ನಕ್ಕೆ, ನಗ್ತಾ ನಗ್ತಾ ಅಳು ಬಂತು, ಅತ್ತೆ. ಪದಕ ಗೋಡೆಯಿಂದ ಇಳಿಸಲಿಲ್ಲ. ಕಾಲು ಬರದವನಿಗೂ ಒಂದು ಪದಕ ಇರಲಿ ಬಿಡು.

ಕಟಕಟೆಯಲ್ಲಿ ನೀನು ಕೊನೆಗೆ ಕೇಳಿದೆಯಲ್ಲ, ಗೇಟಿನಲ್ಲಿ ನಿಂತಿದ್ದವರು ಸೈನಿಕರೇ ಅಂತ. ಹೌದು ಅಂದೆ. ಮಂಡಳಿಯ ವಕೀಲ ಎದ್ದು ಅದಕ್ಕೆ ಕಾಗದ ಎಲ್ಲಿದೆ ಅಂದ. ಆ ಕಾಗದ ಓದಿದ್ದೇ ನನ್ನ ತಪ್ಪು ಅಂದೆ. ಅಲ್ಲಿಗೆ ನೀನು ಮುಗಿಸಿ ಕೂತೆ. ಒಂದು ಪ್ರಶ್ನೆ ಬಿಟ್ಟುಹೋಯಿತು, ನಿನಗೆ ಗೊತ್ತಿಲ್ಲದ್ದನ್ನ ನೀನು ಹೇಗೆ ಕೇಳ್ತೀಯಾ. ಗೇಟಿನಲ್ಲಿ ಅವನು ಏನು ಕೇಳಿದ ಅನ್ನೋದು. ನಿನಗೆ ಎಲ್ಲ ಹೇಳಿ ಬರೆದ ಕಾಗದದಲ್ಲೂ ನಾನು ಅದನ್ನ ಬರೆಯಲಿಲ್ಲ.

ಒಳಗೆ ಬರ್ತೀನಿ ಅಂತ ಅವನು ಬೇಡಲಿಲ್ಲ. ಕಲಮು ಓದಿ, ಸರಿ ಅಂದ. ಆಮೇಲೆ ನನ್ನ ಭುಜದ ಮೇಲಿಂದ ಮೇಲೆ ನೋಡಿ ಹೇಳಿದ.

"ಅಣ್ಣ, ಮಗು ಕಿಟಕಿಯಲ್ಲಿ ನಿಂತಿದೆ. ಯಾರು ಅಂತ ಕೇಳಿದರೆ ನಾನು ಅಂತ ಹೇಳಬೇಡ. ಏನಾದರೂ ಒಂದು ಸುಳ್ಳು ಹೇಳು."

ಅವನು ನನ್ನನ್ನ ಕೇಳಿದ್ದು ಅದೊಂದೇ, ನಾನು ನಡೆಸಿಕೊಟ್ಟಿದ್ದೂ ಅದೊಂದೇ. ಅಪೀಲಿನಲ್ಲಿ ಅದನ್ನೂ ಕೇಳು. ಹೇಳ್ತೀನಿ.

ಅಪ್ಪ